ಹೊರದೇಶದಲ್ಲಿ ಪಾಠ ಮುಗಿಸಿ ಊರಿಗೆ ಹೊರಡುವ ಮುನ್ನ

ಕೀನ್ಯಾದ ಕಿಸುಮು ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ಎರಡು ವರ್ಷ ಸ್ವಯಂಸೇವಕನಾಗಿ ಗಣಿತ ಕಲಿಸಿ ಶಿರಸಿಗೆ ಮರಳಿದವನು ನಾನು. ಹೋಗುವಾಗ ಏನೇನು ತಯಾರಿ ಬೇಕು ಎಂದು ಹೇಳಿಕೊಡಲು ಬೇಕಾದಷ್ಟು ಜನ ಇದ್ದರು. ಬರುವಾಗಿನ ತಯಾರಿ ಬಗ್ಗೆ ಯಾರೂ ಹೇಳಿರಲಿಲ್ಲ. ಈಗ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಹೀಗೆ ಹೋಗುವ ಬಗ್ಗೆ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೂರು ತಿಂಗಳು ಮೊದಲೇ ಶುರು ಮಾಡಿ

ಕೀನ್ಯಾದಲ್ಲಿ ಶಾಲೆ ಜನವರಿಯಲ್ಲಿ ಶುರು. ವರ್ಷಕ್ಕೆ ಮೂರು ಟರ್ಮ್. ಯಾವ ದೇಶದಲ್ಲೇ ಇರಿ, ಟರ್ಮ್ ನಡುವೆ ಎದ್ದು ಹೊರಡಬೇಡಿ. ಟಿಕೆಟ್ ಅಗ್ಗಕ್ಕೆ ಸಿಗುತ್ತದೆ ಎಂದು ಹದಿನೈದು ದಿನ ಮುಂಚೆ ಹೊರಟರೆ ಪರೀಕ್ಷೆ ಹೊತ್ತಿಗೆ ಮಕ್ಕಳು ಕಂಗಾಲಾಗುತ್ತಾರೆ. ಟಿಕೆಟ್ ತೆಗೆಯುವ ಮೊದಲೇ ಹೆಡ್‌ಮಾಸ್ತರರಿಗೆ ಹೇಳಿ. ನಿಮ್ಮ ಜಾಗಕ್ಕೆ ಬರುವವರು ಯಾರು ಎಂದು ಅವರ ಜೊತೆ ಕೂತು ಗೊತ್ತು ಮಾಡಿಕೊಳ್ಳಿ.

ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ. ಎಷ್ಟು ಪಾಠ ಮುಗಿದಿದೆ ಎಂದು ಬರೆಯಲು ಒಂದು ಪುಟ ಸಾಕು. ಉಳಿದದ್ದೆಲ್ಲ ಮಕ್ಕಳ ಬಗ್ಗೆ ಇರಲಿ, ಒಬ್ಬೊಬ್ಬರಿಗೆ ಒಂದು ಪುಟ.

ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಲೆಕ್ಕದಲ್ಲಿ ದಡ್ಡಿ ಎಂದೇ ಎಲ್ಲರೂ ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ. ಒಂದು ದಿನ ಅವಳ ನೋಟ್‌ಬುಕ್ ನೋಡಿದೆ. ಲೆಕ್ಕ ಮಾಡಿದ ಕ್ರಮ ಸರಿಯಾಗಿತ್ತು, ಇಳಿಸಿಕೊಂಡ ಅಂಕಿಗಳೇ ತಪ್ಪಾಗಿದ್ದವು. ಬೋರ್ಡಿನ 8 ಅವಳಿಗೆ 3 ಆಗಿ ಕಾಣುತ್ತಿತ್ತು! ಮುಂದಿನ ಬೆಂಚಿಗೆ ಕರೆದು ಕೂರಿಸಿದೆ, ಅಷ್ಟೇ. ಇದು ನನಗೆ ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ಬರೆದಿಡದೆ ಬಂದಿದ್ದರೆ ಮುಂದಿನ ಮೇಷ್ಟ್ರಿಗೂ ಇನ್ನು ನಾಲ್ಕು ತಿಂಗಳು ಹಿಡಿಯುತ್ತಿತ್ತು, ಅಲ್ವಾ? ಇನ್ನೊಬ್ಬ ಹುಡುಗನಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಚಪಾತಿ ಹರಿದು ತೋರಿಸಿದರೆ ಥಟ್ಟನೆ ಉತ್ತರ ಹೇಳುತ್ತಿದ್ದ. ಅಲ್ಲಿಯವರೂ ಚಪಾತಿ ತಿನ್ನುತ್ತಾರೆ. ಇಂಥದ್ದನ್ನೆಲ್ಲ ಬರೆದಿಡಿ.

ಕೊನೆಯ ಎರಡು ವಾರ ಹೊಸ ಮೇಷ್ಟ್ರು ಪಾಠ ಮಾಡಲಿ. ನೀವು ಹಿಂದೆ ಕೂತು ನೋಡಿ.

ಮಕ್ಕಳಿಗೆ ಹೇಳುವುದು

ಕೊನೆಯ ದಿನದವರೆಗೆ ಗುಟ್ಟು ಮಾಡಬೇಡಿ. ಮೂರು ವಾರ ಮೊದಲು ನೇರವಾಗಿ ಹೇಳಿ. 'ಮ್ವಾಲಿಮು, ಉತರುದಿ ಲಿನಿ?' ಎಂದು ಸ್ವಾಹಿಲಿಯಲ್ಲಿ ಕೇಳುತ್ತಾರೆ. ಮೇಷ್ಟ್ರೇ, ಮತ್ತೆ ಯಾವಾಗ ಬರ್ತೀರಿ ಅಂತ. ಆ ಮುಖಗಳನ್ನು ನೋಡಿದಾಗ 'ಮುಂದಿನ ವರ್ಷ' ಎಂಬ ಮಾತು ಬಾಯಿಗೆ ಬಂದೇ ಬರುತ್ತದೆ. ಖಂಡಿತ ಬರುವ ಹಾಗಿಲ್ಲದಿದ್ದರೆ ಆ ಮಾತು ಆಡಬೇಡಿ. ನೀವು ಮರೆತರೂ ಅವರು ದಿನ ಎಣಿಸುತ್ತಾರೆ.

ಕಾಗದಪತ್ರ, ದುಡ್ಡು

ಶಾಲೆಯಿಂದ ಅನುಭವ ಪತ್ರ ಪಡೆಯಿರಿ. ಸೇರಿದ ಮತ್ತು ಬಿಟ್ಟ ದಿನಾಂಕ, ಯಾವ ತರಗತಿ, ಯಾವ ವಿಷಯ, ವಾರಕ್ಕೆ ಎಷ್ಟು ಪೀರಿಯಡ್, ಸಹಿ, ಸೀಲು, ಎಲ್ಲ ಇರಬೇಕು. ನನ್ನ ಪತ್ರದಲ್ಲಿ ದಿನಾಂಕವೇ ಬಿಟ್ಟುಹೋಗಿತ್ತು. ಊರಿಗೆ ಬಂದ ಮೇಲೆ ಸರಿ ಮಾಡಿಸಲು ಎರಡು ತಿಂಗಳು ಹೋಯಿತು. ಅಲ್ಲಿಯ ಪೊಲೀಸರಿಂದ 'ಗುಡ್ ಕಂಡಕ್ಟ್' ಪ್ರಮಾಣಪತ್ರವನ್ನೂ ಅಲ್ಲಿರುವಾಗಲೇ ಮಾಡಿಸಿಕೊಳ್ಳಿ. ಅದಕ್ಕೆ ಬೆರಳಚ್ಚು ಕೊಡಬೇಕು, ಇಲ್ಲಿ ಬಂದ ಮೇಲೆ ಕಷ್ಟ.

ಕೀನ್ಯಾದಲ್ಲಿ ತರಕಾರಿ ಅಂಗಡಿಯಲ್ಲೂ ಎಂ-ಪೆಸಾ, ಅಂದರೆ ಸಿಮ್‌ಗೆ ಜೋಡಿಸಿದ ಮೊಬೈಲ್ ಹಣ, ನಡೆಯುತ್ತದೆ. ಫೋನಿನಲ್ಲಿರುವ ಆ ದುಡ್ಡನ್ನು ಪೂರ್ತಿ ತೆಗೆದ ಮೇಲೆಯೇ ಅಲ್ಲಿಯ ಸಿಮ್ ಬಿಡಿ. ಉಳಿದ ಶಿಲ್ಲಿಂಗ್ ಅನ್ನು ನೈರೋಬಿಯಲ್ಲೇ ಬದಲಿಸಿಕೊಳ್ಳಿ. ನಮ್ಮ ಕಡೆ ಅದನ್ನು ತೆಗೆದುಕೊಳ್ಳುವವರು ಸಿಗುವುದು ಕಷ್ಟ.

ಪ್ರಯಾಣ ಮತ್ತು ಜ್ವರ

ಕೀನ್ಯಾ, ಉಗಾಂಡಾದಂಥ ದೇಶಗಳಿಂದ ಬರುವವರ ಹತ್ತಿರ ಹಳದಿ ಜ್ವರದ ಲಸಿಕೆಯ ಕಾರ್ಡ್ ಇರಲೇಬೇಕು. ಇಲ್ಲದಿದ್ದರೆ ಮುಂಬೈಯಲ್ಲಿ ಇಳಿದ ಮೇಲೆ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಕಾರ್ಡನ್ನು ಸೂಟ್‌ಕೇಸಿನಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪ್ರೀತಿಯಿಂದ ಯಾರಾದರೂ ಬೀಜ, ಗಿಡ ಕೊಟ್ಟರೆ ಫೋಟೊ ತೆಗೆದುಕೊಂಡು ಅಲ್ಲೇ ಬಿಟ್ಟು ಬನ್ನಿ. ಅನುಮತಿ ಇಲ್ಲದೆ ತರುವಂತಿಲ್ಲ.

ಈಗ ಹೇಳುವುದನ್ನು ಗಮನವಿಟ್ಟು ಓದಿ. ಕಿಸುಮು ಇರುವುದು ವಿಕ್ಟೋರಿಯಾ ಸರೋವರದ ದಡದಲ್ಲಿ, ಆ ಸರೋವರದ ಸುತ್ತ ಮಲೇರಿಯಾ ಜಾಸ್ತಿ. ಮಲೇರಿಯಾ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮನೆಗೆ ಬಂದ ದಿನವೇ ನಿಲ್ಲಿಸಬೇಡಿ. ಡಾಕ್ಸಿಸೈಕ್ಲಿನ್ ಆದರೆ ಆ ಜಾಗ ಬಿಟ್ಟ ಮೇಲೂ ನಾಲ್ಕು ವಾರ ನುಂಗಬೇಕು. ರೋಗ ವಾರಗಳ ನಂತರವೂ ಕಾಣಿಸಿಕೊಳ್ಳಬಹುದು. ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆ ಡಿಸೆಂಬರ್ ನಂತರ ಜ್ವರ ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮಂಗನ ಕಾಯಿಲೆ. ಮಳೆಗಾಲದಲ್ಲಾದರೆ ಇಲಿ ಜ್ವರ. ಹಾಗಾಗಿ ಜ್ವರ ಬಂದರೆ ಡಾಕ್ಟರಿಗೆ ಹೇಳುವ ಮೊದಲ ಮಾತೇ 'ನಾನು ಆಫ್ರಿಕಾದಿಂದ ಬಂದಿದ್ದೇನೆ, ಮಲೇರಿಯಾ ರಕ್ತಪರೀಕ್ಷೆ ಮಾಡಿ' ಎಂದಿರಲಿ. ಅವರು ಕೇಳಲಿ ಎಂದು ಕಾಯಬೇಡಿ.

ಮನೆಗೆ ಬಂದ ಮೇಲೆ

ಮುಂಬೈಯಿಂದ ಕೊಂಕಣ ರೈಲಿನಲ್ಲಿ ಕುಮಟಾ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ. ನಾನು ಬಂದಾಗ ಮನೆಯಲ್ಲಿ ಕೊನೆಕೊಯ್ಲು ಶುರುವಾಗಿತ್ತು. ಎಲ್ಲರೂ ಅಡಿಕೆಯ ಗಡಿಬಿಡಿಯಲ್ಲಿದ್ದರು. ನನಗೆ ಮಾತ್ರ ಬೆಳಿಗ್ಗೆ ಶಾಲೆಗೆ ಹೊರಡಬೇಕು ಎಂದು ಎಚ್ಚರವಾಗುತ್ತಿತ್ತು. ಹೀಗಾಗುವುದು ಸಹಜ. ಸುಮ್ನೆ ಒಂದು ಕೋಣೆಯಲ್ಲಿ ಕೂರಬೇಡಿ. ಅಂಗಳದಲ್ಲಿ ಅಡಿಕೆ ಸುಲಿಯಲು ಕೂತುಬಿಡಿ. ಕೈ ಕೆಲಸ ಮಾಡುತ್ತಿದ್ದರೆ ಅಲ್ಲಿಯ ಕಥೆ ಹೇಳುವುದೂ ಸುಲಭ, ಕೇಳುವವರೂ ಸುತ್ತ ಇರುತ್ತಾರೆ.

ಒಂದು ತಿಂಗಳಾದ ಮೇಲೆ ಹೊಸ ಮೇಷ್ಟ್ರಿಗೆ ಫೋನ್ ಮಾಡಿ. ನಮ್ಮಲ್ಲಿ ಮಧ್ಯಾಹ್ನ 12:30 ಆದಾಗ ಅಲ್ಲಿ ಬೆಳಿಗ್ಗೆ 10. ಆಗ ಕ್ಲಾಸಿರುತ್ತದೆ, ಸಂಜೆ ಮಾಡಿ. ನಾನು ಮೊದಲು ಕೇಳಿದ್ದು ಆ ಹುಡುಗಿಯ ಬಗ್ಗೆ. ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದಾಳೆ ಎಂದರು.