ಒಳಗೆ ಅತ್ತೆ, ಫೋನಿನಲ್ಲಿ ನಾನು

ಹೋದ ತಿಂಗಳು ಬನಶಂಕರಿಯ ಹುಡುಗಿಯೊಬ್ಬಳಿಗೆ ಚೊಚ್ಚಲ ಹೆರಿಗೆ ಆಯಿತು. ಮಗು ಮುಖ ಮೇಲೆ ಮಾಡಿಕೊಂಡಿತ್ತು, ನೋವೆಲ್ಲ ಬೆನ್ನಿನಲ್ಲೇ. ಲೇಬರ್ ವಾರ್ಡಿನಲ್ಲಿ ಹೆಚ್ಚುಕಮ್ಮಿ 14 ಗಂಟೆ ಅವಳ ಸೊಂಟ ಒತ್ತುತ್ತಾ ನಿಂತವರು ಅವಳ ಅತ್ತೆ. ಡೂಲಾ, ಅಂದರೆ ಹೆರಿಗೆ ಮಾಡಿಸದೆ ಬರೀ ಪಕ್ಕದಲ್ಲಿದ್ದು ಆಸರೆ ಕೊಡುವವಳು, ಆದ ನಾನು ಆಸ್ಪತ್ರೆ ಎದುರಿನ ದರ್ಶಿನಿಯಲ್ಲಿ, ಅದು ಮುಚ್ಚಿದ ಮೇಲೆ ಮನೆಯಲ್ಲಿ, ಫೋನ್ ಹಿಡಿದು ಕೂತಿದ್ದೆ. ಬೆಳಗಿನ ಜಾವ ನಾರ್ಮಲ್ ಆಗಿ ಹೆಣ್ಣುಮಗು.

ಅಮ್ಮಂದಿರಿಗೆ, ಅತ್ತೆಯರಿಗೆ ಕೆಲಸ ಕಲಿಸಿ ಒಳಗೆ ಕಳಿಸುತ್ತೇನೆ ಎಂದು ನಾನು ಮೊದಲು ಹೇಳಿದಾಗ ನಮ್ಮವರಲ್ಲಿ, ಅಂದರೆ ಬೇರೆ ಡೂಲಾಗಳಲ್ಲಿ, ಯಾರೂ ಒಪ್ಪಿರಲಿಲ್ಲ. "ಅವರಿಗೇ ಎಲ್ಲ ಹೇಳಿಕೊಟ್ಟರೆ ನಿಮ್ಮನ್ನ ಯಾರು ಕರೀತಾರೆ?" ಎಂದವರು ಕೆಲವರು. "ಮನೇಲಿ ಮುಖ ನೋಡದ ಅತ್ತೆ-ಸೊಸೆ ಲೇಬರ್ ವಾರ್ಡಲ್ಲಿ ಒಂದಾಗ್ತಾರಾ?" ಎಂದವರು ಇನ್ನು ಕೆಲವರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತರಬೇತಿ, ಬರ್ತ್ ಬಾಲ್ (ನೋವಿನ ವೇಳೆ ಕೂರುವ ದೊಡ್ಡ ಚೆಂಡು), ಟೆನ್ಸ್ ಮಷೀನು (ಸಣ್ಣ ಕರೆಂಟಿನಿಂದ ನೋವು ತಗ್ಗಿಸುವ ಯಂತ್ರ) ಎಲ್ಲ ಸೇರಿ ಶುರುವಿನಲ್ಲೇ 60,000ದ ಹತ್ತಿರ ಕೈಬಿಟ್ಟಿತ್ತು. ಮೊದಲ ವರ್ಷ ಸಿಕ್ಕಿದ್ದು 7 ಹೆರಿಗೆ. ಫೀಸು 20,000 ಇಟ್ಟಿದ್ದೆ. ನಡುರಾತ್ರಿ ಆಟೋ, ಕ್ಯಾಬು, ವಾಪಸ್ ಕೊಟ್ಟದ್ದು ಎಲ್ಲ ಕಳೆದು ಉಳಿದದ್ದು 70,000 ಇದ್ದಿರಬಹುದು. ಆ ಏಳರಲ್ಲಿ ಮೂರು ಸಲ ನನಗೆ ಒಳಗೆ ಹೋಗಲು ಬಿಡಲೇ ಇಲ್ಲ. ಒಬ್ಬರೇ ಅಟೆಂಡರ್, ಅವರೂ ಮನೆಯವರೇ ಆಗಿರಬೇಕು ಎನ್ನುವುದು ಆ ಆಸ್ಪತ್ರೆಗಳ ರೂಲ್ಸು.

ಅದರಲ್ಲಿ ಒಂದನ್ನು ಮರೆಯಲಾರೆ. ಆಸ್ಪತ್ರೆಯ ಹೆಸರು ಬೇಡ. ಕೆಳಗಿನ ಪಾರ್ಕಿಂಗಿನಲ್ಲಿ 11 ಗಂಟೆ ಕೂತಿದ್ದೆ. ಮೇಲೆ ಹುಡುಗಿಯ ತಾಯಿ, ಪಾಪ, ತನಗೆ ಗೊತ್ತಿದ್ದದ್ದನ್ನೇ ಹೇಳುತ್ತಿದ್ದರು: "ಕೂಗಬೇಡ ಕಣೇ, ಹಲ್ಲು ಕಚ್ಕೊಂಡು ತಡ್ಕೋ." ಆ ಹುಡುಗಿ ಅಂಗಾತ ಮಲಗಿಕೊಂಡು ಹಲ್ಲು ಕಚ್ಚಿಕೊಂಡೇ ಇಡೀ ರಾತ್ರಿ ಕಳೆದಳು. ಕೊನೆಗೆ ಸಿಸೇರಿಯನ್. ನಾನಿದ್ದಿದ್ದರೆ ತಪ್ಪುತ್ತಿತ್ತು ಎಂದು ಹೇಳುವುದಿಲ್ಲ. ಆದರೆ ನಾನು ಎಂಟು ವಾರ ಅವಳಿಗೆ ಹೇಳಿಕೊಟ್ಟ ಒಂದು ಮಾತೂ ಆ ರಾತ್ರಿ ಅವಳ ಕಿವಿಗೆ ಬೀಳಲಿಲ್ಲ. ಅವರು ಕೇಳುವ ಮೊದಲೇ 12,000 ವಾಪಸ್ ಕೊಟ್ಟೆ.

ಆಮೇಲೆ ಕಾಗದ ಹಿಡಿದು ಹೋರಾಡಿದೆ. ಹೆರಿಗೆ ವೇಳೆ ಹೆಣ್ಣಿಗೆ ಬೇಕಾದ ಜೊತೆಗಾರರು ಇರಲಿ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು, ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗಾರ್ತಿಗೆ ಅವಕಾಶ ಕೊಟ್ಟ ಕೇಂದ್ರದ 2016ರ ಸುತ್ತೋಲೆ, ಎರಡಕ್ಕೂ ಲ್ಯಾಮಿನೇಷನ್ ಮಾಡಿಸಿಕೊಂಡು ಓಡಾಡಿದೆ. "ಅದು ಸರ್ಕಾರಿಯವರಿಗೆ ಮೇಡಂ, ನಮ್ಮಲ್ಲಿ ನಮ್ಮ ರೂಲ್ಸು" ಎಂದು ಕಳಿಸಿದರು. ವಾಪಸ್ ಬರುವಾಗ ಮೆಟ್ರೋದಲ್ಲಿ ಆ ಸುತ್ತೋಲೆಯನ್ನೇ ಮತ್ತೆ ಓದಿದೆ. ಜೊತೆಗಾರ್ತಿ ಸ್ವತಃ ಹೆತ್ತ ಅನುಭವ ಇರುವವಳಾಗಿರಬೇಕು ಎಂದಿತ್ತು ಅದರಲ್ಲಿ. ಹಾಗಾದರೆ ಆ ಜಾಗಕ್ಕೆ ಹೇಗೂ ಹೋಗುವವರು ಅಮ್ಮ ಇಲ್ಲವೇ ಅತ್ತೆ. ಹೋಗುವವರಿಗೇ ಯಾಕೆ ಕಲಿಸಬಾರದು?

ಇಲ್ಲಿ ನಮ್ಮವರು 2017ರ ಕೊಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ) ತೋರಿಸುತ್ತಾರೆ. ಡೂಲಾ ಜೊತೆಗಿದ್ದಾಗ ಸಿಸೇರಿಯನ್ ಇಳಿದಷ್ಟು ಮನೆಯವರಿದ್ದಾಗ ಇಳಿದಿಲ್ಲ, ನಿಜ. ಆದರೆ 2006ರಲ್ಲಿ ಪ್ರಕಟವಾದ ನ್ಯೂಜೆರ್ಸಿಯ ಅಧ್ಯಯನವನ್ನೂ ನೋಡಿ. ಚೊಚ್ಚಲ ಬಸುರಿಯರು 600 ಮಂದಿ. ಒಂದು ಗುಂಪಿನಲ್ಲಿ ಅವರೇ ಆರಿಸಿಕೊಂಡ ಗೆಳತಿಗೋ ಬಂಧುವಿಗೋ ತಲಾ 2 ಗಂಟೆಯ 2 ಪಾಠ, ಅಷ್ಟೇ. ಸಿಸೇರಿಯನ್ ಕಡಿಮೆಯಾಗಲಿಲ್ಲ, ಆದರೆ ಹೆರಿಗೆಯ ಅವಧಿ ಕಡಿಮೆಯಾಯಿತು. ನನಗೆ ಅಷ್ಟು ಸಾಕಿತ್ತು. ನಾನು 2 ಗಂಟೆಯ 3 ಪಾಠ ಮಾಡಿದೆ, 34ನೇ ವಾರದ ನಂತರ, ಅವರ ಮನೆಯಲ್ಲೇ, ಕನ್ನಡದಲ್ಲೇ.

ಮೊದಲ ಪಾಠದಲ್ಲಿ ಒತ್ತುವುದು ಗಿತ್ತುವುದು ಏನೂ ಇಲ್ಲ. ಯಾವಾಗ ನನಗೆ ಫೋನ್ ಮಾಡಬಾರದು ಎನ್ನುವುದೇ ಮೊದಲ ಪಾಠ. ರಕ್ತ ಹೋದರೆ, ನೀರು ಹಸಿರಾಗಿ ಹೋದರೆ, ಮಗುವಿನ ಓಡಾಟ ಕಮ್ಮಿ ಅನ್ನಿಸಿದರೆ ನೇರ ಆಸ್ಪತ್ರೆ, ಆಮೇಲೆ ನಾನು. ಸಿಟಿಜಿ, ಅಂದರೆ ಮಗುವಿನ ಎದೆಬಡಿತ ಬರೆಯುವ ಯಂತ್ರದ ಗೆರೆ ಏನು ಹೇಳುತ್ತದೆ ಎಂದು ಫೋಟೊ ಕಳಿಸಿದರೂ ನಾನು ನೋಡುವುದಿಲ್ಲ. ಅದು ಡಾಕ್ಟರ ಕೆಲಸ.

ಎರಡನೆಯ ಪಾಠ ಕೈಯದು. ನಮ್ಮ ಹೆಂಗಸರಿಗೆ ಬೆನ್ನುನೋವು ಅಂದರೆ ಅಮೃತಾಂಜನ ಹಚ್ಚಿ ಉಜ್ಜುವುದು ಗೊತ್ತು. ನೋವು ಬಂದಾಗ ಉಜ್ಜಿದರೆ ಬಹಳ ಹುಡುಗಿಯರು ಕೈ ತಳ್ಳಿಬಿಡುತ್ತಾರೆ. ಬೆನ್ನು ಮುಗಿಯುವಲ್ಲಿ ಇರುವ ಚಪ್ಪಟೆ ಮೂಳೆಯ ಮೇಲೆ ಅಂಗೈ ಬುಡ ಇಟ್ಟು, ಮೊಣಕೈ ನೆಟ್ಟಗೆ ಮಾಡಿ, ಮೈಭಾರ ಬಿಡಬೇಕು. "ಬೀರು ತಳ್ಳೋ ಹಾಗೆ ತಳ್ಳಿ ಅಮ್ಮ" ಎಂದು ನಾನು ಹೇಳಿದ ದಿನದಿಂದ ಯಾರಿಗೂ ಎರಡನೇ ಸಲ ವಿವರಿಸಬೇಕಾಗಿಲ್ಲ. ಬನಶಂಕರಿಯ ಆ ಅತ್ತೆಗೆ ಮಣಿಕಟ್ಟು ನೋವು. ಅವರೇ ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದರು. ಅಡ್ಡಕ್ಕೆ ಇಟ್ಟು ಎರಡೂ ಕೈಯಲ್ಲಿ ಒತ್ತಿದರೆ ಅರ್ಧ ಶ್ರಮದಲ್ಲಿ ಅಷ್ಟೇ ಬಲ. ಈಗ ನನ್ನ ಚೀಲದಲ್ಲೂ ಒಂದಿದೆ.

ಮೂರನೆಯದು ಬಾಯಿಯದು. "ಹಲ್ಲು ಕಚ್ಚಿಕೋ" ಎನ್ನುವುದನ್ನು ಬಿಡಿಸಲು ಬಹಳ ಒದ್ದಾಡಿದೆ. ದವಡೆ ಬಿಗಿದರೆ ಕೆಳಗೂ ಬಿಗಿಯುತ್ತದೆ ಎಂದು ಹೇಳಿದರೆ ತಲೆಯಾಡಿಸುತ್ತಿದ್ದರು, ಹೆರಿಗೆ ದಿನ ಮತ್ತೆ ಅದೇ ಮಾತು. ಕೊನೆಗೆ ಕೂಸಿನ ಮುಂದೆ ತುಟಿ ಬುರ್ರ್ ಎನ್ನಿಸುತ್ತೀವಲ್ಲ, ಅದನ್ನೇ ಅತ್ತೆ-ಸೊಸೆ ಎದುರುಬದುರು ಕೂತು ಮಾಡಿ ಎಂದೆ. ಇಬ್ಬರೂ ನಕ್ಕು ಸುಸ್ತಾದರು. ಆ ನಗು ಆದ ಮನೆಗಳಲ್ಲಿ ಹೆರಿಗೆ ರಾತ್ರಿ ಇಬ್ಬರ ನಡುವೆ ತಕರಾರು ಬಂದದ್ದು ನನಗೆ ನೆನಪಿಲ್ಲ.

ವಾರ್ಡಿನ ಸಿಸ್ಟರ್ ಜೊತೆ ಅತ್ತೆ ಆಡಬೇಕಾದ ಮೊದಲ ಮಾತು ಒಂದಿದೆ. ಅದನ್ನಾಡಿದ ಮೇಲೆ ನಡೆದಾಡಲು, ಮಗ್ಗುಲಾಗಲು ಬೇಡ ಎಂದವರು ಕಡಿಮೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಒದ್ದಾಡಿ ಸಂಪಾದಿಸಿದ್ದು, ನನ್ನ ಪಾಠಕ್ಕೆ ಬಂದವರಿಗೆ ಮಾತ್ರ.

ನಡುವೆ ಮಾಡಿ ನೋಡಿದ್ದು ಬೇಕಾದಷ್ಟಿದೆ. ಹೊಟ್ಟೆಗೆ ಸುತ್ತಿ ಅಲ್ಲಾಡಿಸುವ ಮೆಕ್ಸಿಕೋದ ರೆಬೋಜೊ ಶಾಲಿಗೆ, ಹೊರಗಿನಿಂದ ತರಿಸಿ, 3,500 ಸುರಿದೆ, ದಂಡ. ಜಾರ್ಜೆಟ್ ಸೀರೆ ಜಾರುತ್ತದೆ, ಹೊಸ ಕಾಟನ್ ಸೀರೆ ಗಂಜಿಯಿಂದ ಒರಟು. ತಾತಂದಿರ ಹಳೆಯ ಹತ್ತಿ ಪಂಚೆಗೆ ಸಮ ಇಲ್ಲ. ಹೊಟ್ಟೆಗೆ ಕೊಟ್ಟು ಜರಡಿ ಹಿಡಿದ ಹಾಗೆ ಮೆಲ್ಲಗೆ ಅಲ್ಲಾಡಿಸಲು ಅದೇ ಸರಿ. ಕಲ್ಲುಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಟ್ಟೆ, ಒಬ್ಬಳ ಚರ್ಮ ಕೆಂಪಗಾಯಿತು, ಅಂದೇ ನಿಲ್ಲಿಸಿದೆ. ಲ್ಯಾವೆಂಡರ್ ಎಣ್ಣೆಗೆ ಇಬ್ಬರು ವಾಂತಿ ಮಾಡಿಕೊಂಡರು. ನಿಂಬೆಹಣ್ಣು ಗೀರಿ ಮೂಸಲು ಕೊಟ್ಟರೆ ಯಾರೂ ಬೇಡ ಎಂದಿಲ್ಲ.

ದುಡ್ಡಿನ ಮಾತು. ಒಮ್ಮೆ ಹುಡುಗಿಯ ತಾತ ನನ್ನನ್ನು ಕೂರಿಸಿ ಕೇಳಿದರು: "ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಕಾಸು ಮುಟ್ಟಲಿಲ್ಲ, 2018ರಲ್ಲಿ ಪದ್ಮಶ್ರೀ ಬಂತು. ನೀವು ಮಗೂನೂ ಹಿಡಿಯಲ್ಲ, 20,000 ಕೇಳ್ತೀರಲ್ಲಮ್ಮ?" ಆ ತಾಯಿಯ ಹೆಸರು ಹೇಳಿದರೆ ನಾನು ಕೈ ಮುಗಿಯುತ್ತೇನೆ. ಅವರದು ಸೂಲಗಿತ್ತಿಯ ಕೆಲಸ, ನನ್ನದು ಪಕ್ಕದಲ್ಲಿ ನಿಲ್ಲುವ ಕೆಲಸ. ಬಾಡಿಗೆ ಕಟ್ಟಿ ಬದುಕಬೇಕು ಎಂದು ನೇರ ಹೇಳಿದೆ. ಅವರು ಒಪ್ಪಿ, ಪಾಠಕ್ಕೆ ತಾವೂ ಬಂದು ಕೂತರು.

ಈಗ 3 ಪಾಠಕ್ಕೂ ಹೆರಿಗೆ ದಿನದ ಫೋನಿಗೂ ಸೇರಿ 12,000. ಒಳಗೆ ಬಿಟ್ಟರೆ ನಾನೂ ಹೋಗುತ್ತೇನೆ, ಅದಕ್ಕೆ ಬೇರೆ 8,000. ಮೊದಲಿಗಿಂತ ಕಡಿಮೆ ಕಾಣುತ್ತದೆ, ಆದರೆ ತಿಂಗಳಿಗೆ 3 ಹಿಡಿಯಬಲ್ಲೆ, ವಾಪಸ್ ಕೊಡುವ ಪ್ರಸಂಗ ಬಂದಿಲ್ಲ. ಹೀಗೆ ಮಾಡಿದ ಹೆರಿಗೆಗಳು 40ರ ಆಸುಪಾಸು. ಸಿಸೇರಿಯನ್ ಆದದ್ದು 10 ಇರಬಹುದು. ಅದರಲ್ಲಿ ಒಂದು, ಮಗುವಿನ ಎದೆಬಡಿತ ಇಳಿದು ಹತ್ತು ನಿಮಿಷದಲ್ಲಿ ಥಿಯೇಟರಿಗೆ ಒಯ್ದದ್ದು. ಬಾಗಿಲವರೆಗೂ ಆ ತಾಯಿ ಮಗಳ ಕಿವಿಯಲ್ಲಿ ಬುರ್ರ್ ಎನ್ನಿಸುತ್ತಲೇ ಹೋದರಂತೆ. ಮಗಳು ಇವತ್ತಿಗೂ ಅದನ್ನೇ ಹೇಳುತ್ತಾಳೆ.

ಬನಶಂಕರಿಯ ಅತ್ತೆ ಹೋದ ಭಾನುವಾರ ಫೋನ್ ಮಾಡಿದ್ದರು. ಮಂಡ್ಯದಲ್ಲಿ ಅವರ ತಂಗಿ ಮಗಳಿಗೆ ದಿನ ತುಂಬಿದೆಯಂತೆ. "ನಾನೇ ಹೋಗ್ತಿದೀನಿ ಕಣಮ್ಮ. ಲಟ್ಟಣಿಗೆ ಬ್ಯಾಗಲ್ಲಿದೆ. ರಾತ್ರಿ ಫೋನ್ ಮಾತ್ರ ಸೈಲೆಂಟಲ್ಲಿ ಇಡಬೇಡಿ."