ಮನೆ ಹೆಂಡತಿಗೇ ಸಿಗುತ್ತೆ ಅಂದುಕೊಂಡಿದ್ದೀರಾ? ವಿಲ್ ಬರೆಯುವುದು ಹೀಗೆ

‘ನಾನು ಹೋದ ಮೇಲೆ ಎಲ್ಲ ಹೆಂಡತಿಗೇ ತಾನೇ, ಸುಮ್ನೆ ವಿಲ್ ಯಾಕೆ?’ ಅನ್ನುವವರು ನಮ್ಮಲ್ಲಿ ಬಹಳ. ಕಾನೂನು ಹಾಗೆ ಹೇಳುವುದಿಲ್ಲ.

ಒಂದು ಲೆಕ್ಕ ನೋಡಿ. ದಾವಣಗೆರೆಯ ವಿದ್ಯಾನಗರದಲ್ಲಿ ಸ್ವಂತ ದುಡಿಮೆಯಿಂದ ಮನೆ ಕಟ್ಟಿದವರೊಬ್ಬರು ವಿಲ್ ಬರೆಯದೆ ತೀರಿಕೊಂಡರು ಅಂತಿಟ್ಟುಕೊಳ್ಳಿ. ವಯಸ್ಸಾದ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೊಸದುರ್ಗಕ್ಕೆ ಹೋದ ಮಗಳು ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಐವರಿಗೂ ಸಮಪಾಲು. ಹೆಂಡತಿಗೆ ಐದರಲ್ಲಿ ಒಂದು, ಅಷ್ಟೇ. ಮುಂದೆ ಆ ತಾಯಿಯೂ ವಿಲ್ ಇಲ್ಲದೆ ಹೋದರೆ ಅವರ ಪಾಲು ಅವರ ಉಳಿದ ಮಕ್ಕಳಿಗೆ, ತೀರಿಕೊಂಡ ಮಗನ ಮಕ್ಕಳಿಗೆ ಹಂಚಿಹೋಗುತ್ತದೆ. ಸೊಸೆಗೆ ಅದರಲ್ಲಿ ಏನೂ ಇಲ್ಲ. ನಾಳೆ ಮನೆ ಮಾರಬೇಕೆಂದರೆ ಭಾವ, ಮೈದುನ, ನಾದಿನಿಯರ ಸಹಿಗೂ ಆಕೆ ಅಲೆಯಬೇಕು. ಜಗಳವೇ ಇಲ್ಲದ ಮನೆಯಲ್ಲೂ ಇದು ತಪ್ಪುವುದಿಲ್ಲ.

ಹೆಂಗಸರ ಪಾಡು ಇನ್ನೂ ಕಷ್ಟ. ಮಕ್ಕಳಿಲ್ಲದ ವಿಧವೆಯೊಬ್ಬರು ತಮ್ಮ ಸಂಬಳದಲ್ಲಿ ಕೊಂಡ ಸೈಟು, ವಿಲ್ ಇಲ್ಲದಿದ್ದರೆ, ಹೆತ್ತ ತಾಯಿಗೆ ಹೋಗುವುದಿಲ್ಲ. ಮೊದಲ ಹಕ್ಕು ಗಂಡನ ಕಡೆಯ ವಾರಸುದಾರರದು. ಹಾಗಾಗಿ ಸ್ವಂತ ದುಡಿಮೆಯ ಹೆಣ್ಣುಮಕ್ಕಳು ಇದನ್ನು ಮುಂದೂಡಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಲಿಂಗಾಯತರು, ಜೈನರು ಕೂಡ ಇದೇ ಕಾಯ್ದೆಯಡಿ ಬರುತ್ತಾರೆ. ಮುಸ್ಲಿಮರು ವಾರಸುದಾರರ ಒಪ್ಪಿಗೆ ಇಲ್ಲದೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಿಲ್ ಮಾಡಲಾಗುವುದಿಲ್ಲ. ಪರಿಶಿಷ್ಟ ಪಂಗಡದವರಿಗೆ 1956ರ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ನಾಯಕ ಸಮುದಾಯದವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಮೊದಲು ಪಟ್ಟಿ

ಪಹಣಿ, ಇ-ಖಾತೆ, ಪಾಸ್‌ಬುಕ್, ಎಫ್‌ಡಿ ರಸೀದಿ, ಬಂಗಾರ, ಸಾಲ ಎಲ್ಲ ಒಂದು ಕಡೆ ಬರೆದುಕೊಳ್ಳಿ. ಸ್ವಯಾರ್ಜಿತ (ಸ್ವಂತ ದುಡಿಮೆಯದು) ಯಾವುದು, ಪಿತ್ರಾರ್ಜಿತ (ಹಿರಿಯರಿಂದ ಬಂದದ್ದು) ಯಾವುದು ಬೇರೆ ಮಾಡಿ. ಚನ್ನಗಿರಿ ಕಡೆ ತಾತನ ಕಾಲದ ಅಡಿಕೆ ತೋಟವಿದ್ದರೆ ಅದರಲ್ಲಿ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಸಮಪಾಲಿದೆ.

ಬರೆಯುವಾಗ

ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಕನ್ನಡದಲ್ಲೇ ಬರೆಯಿರಿ. ‘ಹೊಲ ದೊಡ್ಡ ಮಗನಿಗೆ’ ಅಂತ ಬರೆದರೆ ಸಾಲದು. ಸರ್ವೆ ನಂಬರ್, ಹಿಸ್ಸೆ, ಎಷ್ಟು ಎಕರೆ ಎಷ್ಟು ಗುಂಟೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಎಲ್ಲವೂ ಪಹಣಿ, ಕ್ರಯಪತ್ರದಲ್ಲಿ ಇರುವ ಹಾಗೇ ಇರಲಿ.

ತುಂಬಾ ಜನ ಎಡವುವ ಸಾಲು ಇನ್ನೊಂದಿದೆ: ‘ಮನೆ ಹೆಂಡತಿಗೆ, ಅವಳ ನಂತರ ಮಕ್ಕಳಿಗೆ.’ ಆಕೆ ಆ ಮನೆ ಮಾರಬಹುದಾ, ಬದುಕಿರುವ ತನಕ ಬರೀ ವಾಸ ಇರಬೇಕಾ? ಕೇಸು ಹುಟ್ಟುವುದೇ ಇಲ್ಲಿ. ‘ಮಾರುವ ಹಕ್ಕೂ ಸೇರಿ ಪೂರ್ಣ ಹಕ್ಕು ಅವಳದೇ’ ಎಂದೋ, ‘ಜೀವಿತಾವಧಿಗೆ ವಾಸದ ಹಕ್ಕು ಮಾತ್ರ’ ಎಂದೋ ಬಿಡಿಸಿ ಬರೆಯಿರಿ. ಯಾರಿಗಾದರೂ ಪಾಲು ಕೊಡುವುದು ಬೇಡ ಅಂತ ನಿಮಗೆ ಅನಿಸಿದರೆ ಕಾರಣವನ್ನೂ ಒಂದು ಸಾಲಿನಲ್ಲಿ ಹೇಳಿ. ವಿಲ್ ಜಾರಿಗೆ ತರಲು ನಂಬಿಕಸ್ಥರೊಬ್ಬರ ಹೆಸರು ಹಾಕಿ.

ಸಾಕ್ಷಿಗಳು

ಕನಿಷ್ಠ ಇಬ್ಬರು ಬೇಕು. ಅವರ ಮುಂದೆಯೇ ನೀವು ಸಹಿ ಮಾಡಿ, ನಿಮ್ಮ ಮುಂದೆಯೇ ಅವರೂ ಮಾಡಲಿ. ಮುಂದೆ ಕೋರ್ಟಿಗೆ ಹೋದರೆ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ನಿಮಗಿಂತ ಚಿಕ್ಕ ವಯಸ್ಸಿನವರನ್ನು, ಊರಲ್ಲೇ ಸಿಗುವವರನ್ನು ಆರಿಸಿ. ಆಸ್ತಿ ಪಡೆಯುವವರು ಸಾಕ್ಷಿ ಹಾಕುವುದು ಬೇಡ. ತೀರಾ ವಯಸ್ಸಾಗಿದ್ದರೆ ಬುದ್ಧಿ ಸ್ಥಿಮಿತದಲ್ಲಿದೆ ಅಂತ ವೈದ್ಯರಿಂದ ಅದೇ ದಿನ ಒಂದು ಪ್ರಮಾಣಪತ್ರ ತೆಗೆದುಕೊಳ್ಳಿ.

ನೋಂದಣಿ

ಕಡ್ಡಾಯವಲ್ಲ. ಆದರೂ ಮಾಡಿಸಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಲ್‌ಗೆ ಮುದ್ರಾಂಕ ಶುಲ್ಕವಿಲ್ಲ, ಸಣ್ಣ ನೋಂದಣಿ ಶುಲ್ಕ ಮಾತ್ರ. ಕಾಗದ ಕಳೆದರೂ ನಕಲು ಸಿಗುತ್ತದೆ.

ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೀನಲ್ಲ, ಸಾಲದಾ ಅಂತೀರಾ? ಎಫ್‌ಡಿ ಹಣವನ್ನು ನಾಮಿನಿ ಬ್ಯಾಂಕಿನಿಂದ ಪಡೆಯಬಹುದು. ಆದರೆ ಅದು ವಾರಸುದಾರರೆಲ್ಲರ ಹಣ. ಇಡೀ ಹಣ ಒಬ್ಬರಿಗೇ ಸೇರಬೇಕಾದರೆ ವಿಲ್‌ನಲ್ಲಿ ಅದನ್ನೂ ಬರೆಯಿರಿ.

ಹೊಲದ ವಿಷಯದಲ್ಲಿ ವಿಲ್ ಇಲ್ಲದಿದ್ದರೆ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಬೇಕು. ಪಹಣಿಯಲ್ಲಿ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಬರುತ್ತದೆ. ಆಮೇಲೆ ಬೆಳೆಸಾಲಕ್ಕೂ, ವಿಭಾಗಕ್ಕೂ ಎಲ್ಲರನ್ನೂ ಒಟ್ಟು ಸೇರಿಸಬೇಕು.

ವಿಲ್ ಎಲ್ಲಿಟ್ಟಿದ್ದೀರಿ ಅಂತ ಇಬ್ಬರಿಗಾದರೂ ಗೊತ್ತಿರಲಿ. ನಿಮ್ಮೊಬ್ಬರ ಹೆಸರಿನ ಲಾಕರ್‌ನಲ್ಲಿ ಇಡಬೇಡಿ, ನೀವಿಲ್ಲದಾಗ ಅದನ್ನು ತೆರೆಸುವುದೇ ಒಂದು ಕೆಲಸವಾಗುತ್ತದೆ. ಮನಸ್ಸು ಬದಲಾದರೆ ಹೊಸದು ಬರೆಯಬಹುದು, ಎಷ್ಟು ಸಲವಾದರೂ. ಕೊನೆಯದೇ ಊರ್ಜಿತ. ಹಳೆಯದನ್ನು ರದ್ದು ಮಾಡಿದ್ದೇನೆ ಅಂತ ಅದರಲ್ಲಿ ತಾರೀಕಿನ ಸಮೇತ ಬರೆಯಿರಿ, ಹಳೆಯದು ನೋಂದಣಿ ಆಗಿದ್ದರೆ ಹೊಸದನ್ನೂ ನೋಂದಣಿ ಮಾಡಿಸಿ.