ಬಿಪಿ, ಶುಗರ್ ಮಾತ್ರೆಯ ಬಿಲ್ ಇಳಿಸಲು

ತಿಂಗಳು ತಿಂಗಳೂ ಮಾತ್ರೆ ಕೊಳ್ಳುವವರು ಸ್ಟ್ರಿಪ್ ಮೇಲಿನ ಬ್ರ್ಯಾಂಡ್ ಹೆಸರು ಬಿಟ್ಟು, ಅಲ್ಲೇ ಇರುವ ಔಷಧದ ಹೆಸರು ನೋಡಿ. ಉದಾಹರಣೆಗೆ, ಟೆಲ್ಮಿಸಾರ್ಟನ್ 40 ಎಂಜಿ. ಅದನ್ನೇ ಬರೆದುಕೊಂಡು, ಡಾಕ್ಟರ ಚೀಟಿ ಸಮೇತ ಜನೌಷಧಿ ಕೇಂದ್ರದಲ್ಲಿ ಕೇಳಿ. ಸಾಮಾನ್ಯವಾಗಿ ಅರ್ಧ ಬೆಲೆಗೋ ಅದಕ್ಕಿಂತ ಕಡಿಮೆಗೋ ಸಿಗುತ್ತದೆ. ಒಳಗಿರುವ ಔಷಧ ಅದೇ, ಬ್ರ್ಯಾಂಡಿನ ಪ್ರಚಾರದ ಖರ್ಚು ಮಾತ್ರ ಇರುವುದಿಲ್ಲ. ಸೋಪು, ಪೇಸ್ಟಿಗೆ ಆಫರ್ ಹುಡುಕುವುದಕ್ಕಿಂತ ಇದರಲ್ಲೇ ಉಳಿತಾಯ ಜಾಸ್ತಿ, ಅಲ್ವಾ? ಆದರೆ ಎಂಜಿ ಜೊತೆಗೆ ಹೆಸರಿನ ಕೊನೆಯಲ್ಲಿರುವ ಅಕ್ಷರಗಳೂ ಹೊಂದಬೇಕು. ಮೆಟ್‌ಫಾರ್ಮಿನ್ 500 ಬೇರೆ, ಮೆಟ್‌ಫಾರ್ಮಿನ್ 500 ಎಸ್‌ಆರ್ ಬೇರೆ. ಎಸ್‌ಆರ್ ಅಂದರೆ ಹೊಟ್ಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಬೆಲೆಯನ್ನು ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಮೊದಲೇ ನೋಡಬಹುದು. ಸ್ಟಾಕ್ ಇದೆಯಾ ಅಂತ ಮಾತ್ರ ಫೋನ್ ಮಾಡಿ ಕೇಳುವುದೇ ವಾಸಿ, ಇಲ್ಲದಿದ್ದರೆ ಸುಮ್ನೆ ಓಡಾಟ. ಎರಡು ಮೂರು ಔಷಧ ಸೇರಿಸಿ ಮಾಡಿದ ಮಾತ್ರೆಗಳು ಕೆಲವು ಸಲ ಅಲ್ಲಿ ಸಿಗುವುದಿಲ್ಲ. ಫಿಟ್ಸ್, ಥೈರಾಯ್ಡ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ. ಅವುಗಳಲ್ಲಿ ಸಣ್ಣ ವ್ಯತ್ಯಾಸವೂ ತೊಂದರೆ ಕೊಡಬಹುದು.